ಮೈಕಣ್ಣನ ಕೊನೆಯ ಸಭೆ

ವೈರಿನ ಸುರುಳಿ ಬಿಡಿಸುತ್ತ ಮಗಳು ವೇದಿಕೆಯ ಪಕ್ಕದ ಮೂಲೆಯಲ್ಲಿ ಕುಳಿತಿದ್ದಳು. ಎದುರಿಗೆ, ಮೊದಲ ಸಾಲಿನ ಕುರ್ಚಿಗಳ ಮುಂದೆ, ಅಪ್ಪನನ್ನು ಮಲಗಿಸಿದ್ದರು.

"ಅಪ್ಪ ಹೋಗಿರೋ ದಿನವೂ ಇದೇ ಕೆಲಸವಾ? ಬೇರೆ ಯಾರನ್ನಾದ್ರೂ ಕರೆಸಬಹುದಿತ್ತು," ಎಂದಳು ಸೋದರತ್ತೆ.

"ಬೇರೆಯವರು ಕೂತ್ರೆ ಕೆಲಸ ಕೆಡುತ್ತೆ, ಅತ್ತೆ."

ಅಮ್ಮ ತಲೆಯೆತ್ತಿ ಮಗಳನ್ನು ನೋಡಿದಳು. ಅವಳಿಗೆ ವಿಷಯ ಗೊತ್ತಿತ್ತು.

ಸಭೆ ಸಮಾರಂಭಗಳಿಗೆ ಮೈಕ್ ಹಾಕುತ್ತಿದ್ದ ಅಪ್ಪನನ್ನು ಎಲ್ಲರೂ ಮೈಕಣ್ಣ ಎನ್ನುತ್ತಿದ್ದರು. ಹೆತ್ತವರಿಟ್ಟ ಹೆಸರನ್ನು ಹೆಂಡತಿಯೂ ಒಂದು ಕ್ಷಣ ಯೋಚಿಸಿಯೇ ಹೇಳಬೇಕಿತ್ತು. ಈ ಹಳೆಯ ಸಭಾಂಗಣದಲ್ಲಿ ಶಾಸಕರು ತಿಂಗಳಿಗೊಮ್ಮೆ ಜನರಿಗೆ ವರದಿ ಒಪ್ಪಿಸುತ್ತಿದ್ದರು. ಮೊದಲು ಆ ತಿಂಗಳು ತೀರಿಹೋದವರ ಸ್ಮರಣೆ, ಆಮೇಲೆ ಹಳೆಯ ಕಟ್ಟಡಗಳ ದುರಸ್ತಿ, ಕೊನೆಗೆ ತಾವು ಮಾಡಿದ ಜನಸೇವೆ. ಮೊದಲೆರಡು ಬೇಗ ಮುಗಿಯುತ್ತಿದ್ದವು. ಜನಸೇವೆಗೆ ಮಾತ್ರ ದಡವೇ ಇರಲಿಲ್ಲ. ಅದು ಕಾವೇರುವ ಹೊತ್ತಿಗೆ ಸರಿಯಾಗಿ ಮೈಕ್ ಕೆಡುತ್ತಿತ್ತು.

ಕೆಡಿಸುತ್ತಿದ್ದದ್ದು ಮೈಕಣ್ಣನೇ ಎಂಬುದು ಊರಿಗೆಲ್ಲ ಗೊತ್ತಿದ್ದ ಗುಟ್ಟು, ಶಾಸಕರೊಬ್ಬರನ್ನು ಬಿಟ್ಟು. ಪಾಪ, ಹಳೇ ಕಟ್ಟಡ, ವೈರಿಂಗು ಹಾಳಾಗಿದೆ ಎಂದುಕೊಂಡು ಅವರು ಎರಡು ಸಲ ಅನುದಾನ ತಂದು ಅದನ್ನು ಬದಲಾಯಿಸಿದ್ದರು.

*

"ನಾನು ಹೋದ ದಿನವೂ ಶಾಸಕರು ಮಾತಾಡ್ತಾರೆ. ತಪ್ಪಿಸೋಕಾಗಲ್ಲ," ಎಂದಿದ್ದ ಅಪ್ಪ, ಆಸ್ಪತ್ರೆಯ ಮಂಚದಲ್ಲಿ. "ಹೋದವರ ಹೆಸರು ಕೊನೇ ಸಾಲಿಗೂ ಕೇಳಿಸ್ಬೇಕು. ಆಮೇಲೆ ಮಾತು ಎಳೆದ್ರೆ ನಿಲ್ಸಿಬಿಡು. ನನ್ನನ್ನ ಹೊಗಳ್ತಿದ್ರೂ ಸರಿ."

"ನಿನ್ನ ಹೊಗಳ್ತಿದ್ರೆ ಹೇಗಪ್ಪಾ ನಿಲ್ಸಲಿ?"

"ಹೊಗಳಿಸ್ಕೊಂಡು ನಾನೇನು ಚುನಾವಣೆಗೆ ನಿಲ್ಬೇಕಾ?" ನಗಲು ಹೋಗಿ ಕೆಮ್ಮಿದ. "ಜನರನ್ನ ಕಾಯಿಸ್ಬೇಡ. ಮಾತು ಕೊಡು."

ಕೊಟ್ಟಳು. ಕೊಡುವಾಗ ಸುಲಭವಾಗಿಯೇ ಇತ್ತು.

*

ತಿಂಗಳ ಸಭೆಯ ಪದ್ಧತಿಯಂತೆ ಶಾಸಕರು ಮೊದಲು ಆ ತಿಂಗಳು ತೀರಿಹೋದವರ ಹೆಸರುಗಳನ್ನು ಓದಿದರು. ಕೊನೆಯ ಹೆಸರು ಕೇಳಿ ಕೆಲವರು ಅದು ಯಾರೆಂದು ಪಕ್ಕದವರನ್ನು ವಿಚಾರಿಸಿದರು. "ನಮ್ಮ ಮೈಕಣ್ಣ," ಎಂದು ಶಾಸಕರೇ ಸೇರಿಸಿದರು. ಮಗಳು ಧ್ವನಿಯನ್ನು ಇನ್ನಷ್ಟು ಏರಿಸಿದಳು.

"ಈ ಕಟ್ಟಡದ ವೈರಿಂಗು ಎರಡು ಸಲ ಬದಲಾಯಿಸಿದ್ದೀನಿ," ಎಂದರು ಶಾಸಕರು. "ಎರಡನೇ ಸಲ ಎಲೆಕ್ಟ್ರಿಷಿಯನ್ ಹೇಳಿದ, ಸಾರ್, ವೈರು ಚೆನ್ನಾಗೇ ಇತ್ತಲ್ಲ ಅಂತ."

ಸಭೆಯಲ್ಲಿದ್ದವರೆಲ್ಲ ತಲೆ ತಗ್ಗಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮಗಳ ಕೈ ಸ್ವಿಚ್ಚಿನಿಂದ ತಾನಾಗಿ ಹಿಂದೆ ಸರಿಯಿತು.

"ಬೈಯೋಣ ಅಂತಲೇ ಮೈಕಣ್ಣನ ಮನೆ ಕಡೆ ಹೊರಟೆ. ದಾರೀಲಿ ಯೋಚನೆ ಬಂತು. ಮೈಕ್ ಕೆಟ್ಟಾಗೆಲ್ಲ ನಾನು ಕೆಳಗಿಳಿದು ನಿಮ್ಮ ಮಧ್ಯ ಬರ್ತಿದ್ದೆ. ನಲ್ಲೀಲಿ ನೀರಿಲ್ಲ ಅಂತ ಒಬ್ಬರು, ಪಿಂಚಣಿ ಬಂದಿಲ್ಲ ಅಂತ ಇನ್ನೊಬ್ಬರು. ನಾನು ಮಾಡಿದ್ದು ಅಂತ ಏನಾದ್ರೂ ಇದ್ರೆ, ಅದೆಲ್ಲ ನನ್ನ ಕಿವಿಗೆ ಬಿದ್ದಿದ್ದು ಮೈಕ್ ಕೆಟ್ಟ ಮೇಲೇನೆ. ಅರ್ಧ ದಾರಿಯಿಂದ ವಾಪಸ್ ಬಂದೆ."

ಅಪ್ಪನ ಮೈಕಿನಲ್ಲಿ ಅಪ್ಪನ ಬಗ್ಗೆ ಯಾರಾದರೂ ಮಾತಾಡಿದ್ದು ಇದೇ ಮೊದಲು. ಇನ್ನೊಂದು ಸ್ವಲ್ಪ ಹೊತ್ತು, ಎಂದುಕೊಂಡಳು ಮಗಳು. ಎಷ್ಟು ಕೇಳಿದರೂ ಅವಳಿಗೆ ಸಾಲುತ್ತಿರಲಿಲ್ಲ.

ಆದರೆ ಶಾಸಕರ ಮಾತು ಮೈಕಣ್ಣನಿಂದ ನಲ್ಲಿಗೆ, ನಲ್ಲಿಯಿಂದ ರಸ್ತೆಗೆ ಹೋಗಿ ಮತ್ತೆ ಮೈಕಣ್ಣನಿಗೇ ಬಂತು. ಕಣ್ಣೊರೆಸಿಕೊಂಡು ಮತ್ತೆ ಶುರುಮಾಡಿದರು. ಹೊರಗೆ ಕಾಯುತ್ತಿದ್ದ ಶವದ ಗಾಡಿಯ ಡ್ರೈವರ್ ಬಾಗಿಲಲ್ಲಿ ಇಣುಕಿ ಹೋದ. ಅಮ್ಮ ಕುಳಿತಲ್ಲೇ ಬಳಲಿ ಸೋದರತ್ತೆಯ ಭುಜಕ್ಕೆ ಒರಗಿದ್ದಳು. ಮಾತಿನ ನಡುವೆ ಶಾಸಕರು ಮತ್ತೆ ಮತ್ತೆ ಮೂಲೆಯ ಕಡೆ, ಅಪ್ಪ ಕೂರುತ್ತಿದ್ದ ಜಾಗದ ಕಡೆ ನೋಡುತ್ತಿದ್ದರು. ಹೇಗೆ ನಿಲ್ಲಿಸಬೇಕೆಂದು ಅವರಿಗೆ ತಿಳಿಯುತ್ತಿಲ್ಲ ಎಂಬುದು ಮಗಳಿಗೆ ಆಗ ಹೊಳೆಯಿತು.

"ಇಂಥ ಮನುಷ್ಯ ಮತ್ತೆ..." ಎನ್ನುವಾಗ ಅವಳು ಸ್ವಿಚ್ಚು ಒತ್ತಿದಳು.

ಶಾಸಕರು ಎರಡು ಸಲ ಮೈಕ್ ತಟ್ಟಿ ನೋಡಿದರು. ಮೂಲೆಗೆ ತಿರುಗಿ ಸುಮ್ಮನೆ ತಲೆಬಾಗಿಸಿದರು. ಆಮೇಲೆ ಮೆಟ್ಟಿಲಿಳಿದು ಬಂದು, ಅಮ್ಮನ ಮುಂದೆ ನೆಲದ ಮೇಲೆ ಕುಳಿತು ಏನೋ ಹೇಳಿದರು. ಅಮ್ಮ ಅವರ ಕೈ ಹಿಡಿದುಕೊಂಡು ತಲೆಯಾಡಿಸಿದಳು. ಹೇಳಿದ್ದೇನೆಂದು ಎರಡನೇ ಸಾಲಿನವರಿಗೂ ಕೇಳಿಸಲಿಲ್ಲ.