ಅಣಬೆಯ ಬುಡ

ಸ್ಟುಡಿಯೋದ ಕಂಪ್ಯೂಟರಿನಲ್ಲಿ ಮದುಮಗನೊಬ್ಬನ ಕೆನ್ನೆಯ ಮೇಲಿನ ಮಚ್ಚೆಯನ್ನು ಅಳಿಸುತ್ತಿದ್ದಾಗ ಅವಳ ಫೋನು ಬಡಿದುಕೊಂಡಿತು. ಮಾವ. ಆಯುಷ್ಯವೆಲ್ಲ ರೈಲಿನ ಇಂಜಿನ್ ಓಡಿಸಿ ಕಿವಿ ಮಂದವಾಗಿದ್ದ ಅವರು ಫೋನಿನಲ್ಲೂ ಕೂಗಿಯೇ ಮಾತಾಡುತ್ತಿದ್ದರು.

"ನಿನ್ನ ಅಣಬೆ ಹುರ್ಕೊಂಡು ಊಟ ಮಾಡಿದೆ ಕಣಮ್ಮ. ಬಲೇ ರುಚಿ. ನಿಮ್ಮಿಬ್ಬರಿಗೂ ಒಂಚೂರು ಎತ್ತಿಟ್ಟಿದೀನಿ."

"ಯಾವ ಅಣಬೆ ಮಾವ?"

"ಅದೇ, ಬೆಳ್ಳಗಿರೋದು. ಭಾನುವಾರ ನೀನೇ ತಿನ್ನಬಹುದು ಅಂದೆಯಲ್ಲ. ಬೆಳಿಗ್ಗೆ ತಿರುಗಾಡೋಕೆ ಹೋದವನು ಕಿತ್ಕೊಂಡು ಬಂದೆ."

ಹಾಗೆಂದದ್ದು ಅವಳಿಗೆ ನೆನಪಿತ್ತು. ರಜೆಯ ದಿನಗಳಲ್ಲಿ ನೀರಿನ ಟ್ಯಾಂಕಿನ ಹಿಂದಿನ ತೋಪಿನಲ್ಲಿ ಹೊಟ್ಟೆ ಅಡಿಯಾಗಿ ಮಲಗಿ, ಉಗುರಿನಷ್ಟೇ ಇರುವ ನೀಲಿ, ಕಿತ್ತಳೆ, ನೇರಳೆ ಅಣಬೆಗಳ ಮೂತಿಗೆ ಕ್ಯಾಮೆರಾ ಹಿಡಿಯುವುದು, ಮನೆಗೆ ಬಂದು ಪುಸ್ತಕದೊಂದಿಗೆ ಹೋಲಿಸಿ ಒಂದೊಂದರ ಹೆಸರು ಪತ್ತೆ ಮಾಡುವುದು ಅವಳ ಹುಚ್ಚು. ಅತ್ತೆ ತೀರಿಕೊಂಡ ಮೇಲೆ ಮನೆಯಲ್ಲಿ ಕಾಲು ನಿಲ್ಲದ ಮಾವ, ಕೊಡೆ ಹಿಡಿಯುವ ನೆಪದಲ್ಲಿ ಜೊತೆಗೆ ಬರುತ್ತಿದ್ದರು. ಅವತ್ತು ಅವಳೆದುರು ಮೊಟ್ಟೆಯ ಹಳದಿ ಬಣ್ಣದ ಅಣಬೆಯಿತ್ತು, ಬೆಳಕು ಜಾರುತ್ತಿತ್ತು. "ಇದನ್ನ ತಿನ್ನಬಹುದಾ?" ಎಂದು ಮಾವ ಹಿಂದಿನ ಬಿಳಿ ಗುಂಪನ್ನು ತೋರಿಸಿದಾಗ, ಅರೆಗಣ್ಣಿನಲ್ಲಿ ನೋಡಿ, "ಹ್ಞೂ, ತಿನ್ನಬಹುದು, ಸ್ವಲ್ಪ ಅಲುಗಾಡದೆ ನಿಂತ್ಕೊಳ್ಳಿ" ಎಂದಿದ್ದಳು.

ಮದುಮಗನನ್ನು ಹಾಗೆಯೇ ಬಿಟ್ಟು ಭಾನುವಾರದ ಚಿತ್ರ ತೆರೆದಳು. ಹಳದಿ ಅಣಬೆಯ ಟೋಪಿಯಡಿಯ ಪದರಗಳು ಎಣಿಸಬಹುದಾದಷ್ಟು ಸ್ಪಷ್ಟವಾಗಿದ್ದವು. ಅದರ ಹಿಂದೆ ಬಿಳಿಯದೇನೋ ಕಲಸಿಕೊಂಡಿತ್ತು. ದೊಡ್ಡದು ಮಾಡಿದಷ್ಟೂ ಇನ್ನಷ್ಟು ಕಲಸಿತು. ಯಾರ ಮುಖವನ್ನಾದರೂ ತಿದ್ದಿ ತೀಡಬಲ್ಲ ಅವಳ ಕೈಗೆ ಒಂದು ಅಣಬೆಯ ಬುಡ ಸಿಗಲಿಲ್ಲ. ಬುಡದಲ್ಲಿ ಚೀಲದಂಥ ಪೊರೆ ಇದ್ದರೆ ವಿಷದ್ದಿರಬಹುದು. ಅದನ್ನು ನೋಡದೆ ಬಿಳಿ ಅಣಬೆಯ ವಿಷಯದಲ್ಲಿ ಬಾಯಿ ಬಿಡಬಾರದೆಂದು ಅವಳೇ ಊರಿಗೆಲ್ಲ ಹೇಳುತ್ತಿದ್ದಳು.

ಮನೆಗೆ ಓಡಿ ಬಂದಾಗ ಮಾವ ರೇಡಿಯೋ ಹಾಕಿಕೊಂಡು ಕೂತಿದ್ದರು. ಅವಳು ಕಸದ ಬುಟ್ಟಿಯನ್ನು ಅಡುಗೆಮನೆಯ ನೆಲಕ್ಕೆ ಬೋರಲು ಹಾಕಿದಳು. ಈರುಳ್ಳಿ ಸಿಪ್ಪೆ, ಟೀ ಚರಟದ ನಡುವೆ ಮಾವ ಕತ್ತರಿಸಿ ಎಸೆದ ಬುಡಗಳು ಸಿಕ್ಕವು. ಒಂದನ್ನು ನಲ್ಲಿಯ ಕೆಳಗೆ ಹಿಡಿದಳು. ಮಣ್ಣು ಕರಗಿತು. ಹಿಮ್ಮಡಿಗೆ ಜಾರಿದ ಹರಕು ಕಾಲುಚೀಲದಂತೆ ಒಂದು ಪೊರೆ ಅಂಟಿಕೊಂಡಿತ್ತು.

"ನಡೀರಿ ಮಾವ, ಆಸ್ಪತ್ರೆಗೆ."

"ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ."

"ಹಾಗಿದ್ದಾಗಲೇ ಹೋಗಬೇಕು."

ಆಸ್ಪತ್ರೆಯ ಡಾಕ್ಟರು ಅವಳು ಊಟದ ಡಬ್ಬಿಯಲ್ಲಿ ತಂದಿದ್ದ ಬುಡವನ್ನು ದೀಪಕ್ಕೆ ಹಿಡಿದು ತಿರುಗಿಸಿ ನೋಡಿದರು. "ವಿಷದ್ದೇ ಅಂತ ಖಚಿತನಾ?"

"ಇಲ್ಲ. ಅಲ್ಲ ಅಂತಲೂ ಹೇಳೋಕಾಗಲ್ಲ."

ಅಷ್ಟು ಸಾಕೆಂಬಂತೆ ಡಾಕ್ಟರು ನರ್ಸನ್ನು ಕರೆದು ಹಾಸಿಗೆ ಸಿದ್ಧಮಾಡಿಸಿದರು. ಬೆಳಗಾಗುವುದರೊಳಗೆ ಮಾವನಿಗೆ ವಾಂತಿ, ಭೇದಿ ಶುರುವಾಗಿ ಮೈ ಹಿಂಡಿಹೋಯಿತು.

ಮರುದಿನ ಎಲ್ಲವೂ ನಿಂತಿತು. ಮಾವ ಎದ್ದು ಕೂತು ನರ್ಸಿನೊಂದಿಗೆ ತಮಾಷೆ ಮಾಡಿದರು. ಗಂಡ ಬಟ್ಟೆಬರೆ ಚೀಲಕ್ಕೆ ತುಂಬತೊಡಗಿದ. ಅವಳು ಬಾಗಿಲಿಗೆ ಅಡ್ಡ ನಿಂತಳು.

"ಕಳಿಸಲ್ಲ. ನಡುವೆ ಹೀಗೆ ವಾಸಿಯಾದ ಹಾಗೆ ಕಾಣುತ್ತೆ ಅಂತ ಡಾಕ್ಟರೇ ಹೇಳಿದಾರೆ. ಒಳಗೆ ಲಿವರ್ ಕೆಡ್ತಿರುತ್ತೆ."

"ಈಗ ಇಷ್ಟೆಲ್ಲ ಗೊತ್ತಾ ನಿನಗೆ?" ಗಂಡ ಚೀಲ ಕೆಳಗಿಟ್ಟ. "ತಿನ್ನಬಹುದು ಅಂದವಳೂ ನೀನೇ ಅಂತೆ?"

"ಹೌದು. ನೋಡದೇ ಅಂದೆ."

ಮಾವ ಗೋಡೆಯ ಕಡೆ ಹೊರಳಿಕೊಂಡು, "ಅವಳ ಕಣ್ಣು ಕ್ಯಾಮೆರಾದಲ್ಲಿತ್ತು ಕಣೋ. ನಾನು ಕೇಳಬೇಕಾದ ಹೊತ್ತಲ್ಲ ಅದು," ಎಂದರು. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ.

ಸಂಜೆಯ ಹೊತ್ತಿಗೆ ಮಾವನ ಕಣ್ಣಿನ ಬಿಳುಪು ಹಳದಿಗೆ ತಿರುಗಿತು. ಅಲ್ಲಿಂದ ಮುಂದೆ ಅವಳು ಕೂತದ್ದೇ ಕಡಿಮೆ. ವರಾಂಡದ ಈ ತುದಿಯಿಂದ ಆ ತುದಿಗೆ ನಡೆಯುವಳು, ಕಿಟಕಿಯ ಚಿಲಕ ಹಾಕುವಳು, ತೆಗೆಯುವಳು, ಒಳಗೆ ಬಂದು ಮಾವನ ರೆಪ್ಪೆ ಬಿಡಿಸಿ ನೋಡುವಳು. ನಿಂಬೆ, ಅರಿಸಿನ, ಸಾಸಿವೆಹೂವು ಎಂದು ಹಳದಿಯಲ್ಲೇ ಹತ್ತು ಬಗೆ ಹೇಳುತ್ತಿದ್ದವಳಿಗೆ, ಆ ಕಣ್ಣು ನಿನ್ನೆಗಿಂತ ತಿಳಿಯಾಗಿದೆಯೋ ಗಾಢವಾಗಿದೆಯೋ ಎನ್ನುವುದು ತಿಳಿಯುತ್ತಿರಲಿಲ್ಲ. "ಪದೇ ಪದೇ ನೋಡಿದರೆ ಹಾಗೇ ಆಗೋದು, ಒಂದು ಗಳಿಗೆ ಹೊರಗಿರಿ," ಎಂದು ನರ್ಸು ಗದರಿದಳು. ಅವಳು ಹೊರಗೆ ಹೋಗಿ, ಬಾಗಿಲು ಮುಚ್ಚುವಷ್ಟರಲ್ಲಿ ಮತ್ತೆ ಬಂದಳು.

ಕೊನೆಗೊಂದು ಬೆಳಿಗ್ಗೆ ಡಾಕ್ಟರು ರಕ್ತದ ವರದಿ ನೋಡಿ, "ಲಿವರ್ ಚೇತರಿಸಿಕೊಳ್ತಿದೆ. ಆ ದಿನವೇ ಕರ್ಕೊಂಡು ಬಂದದ್ದು ಒಳ್ಳೇದಾಯ್ತು," ಎಂದು ಹೇಳಿ ಮುಂದಿನ ಹಾಸಿಗೆಗೆ ಹೋದರು. ಗಂಡ ಅಲ್ಲೇ ಕುಸಿದು ಕೂತು ಅತ್ತ. ಅವಳಿಗೆ ಅಳು ಬರಲಿಲ್ಲ. ಕಾಲುಗಳು ಮಾತ್ರ ಇನ್ನೂ ನಡೆಯಬೇಕೆನ್ನುತ್ತಿದ್ದವು.

ನರ್ಸು ಗಂಜಿ ತಂದಿಟ್ಟಳು. ಮಾವ ಬಟ್ಟಲನ್ನು ನೋಡಿದರು, ಸೊಸೆಯನ್ನು ನೋಡಿದರು. ಒಣಗಿದ ತುಟಿಯ ಮೂಲೆ ಸ್ವಲ್ಪ ಮೇಲೇರಿತು.

"ಇದನ್ನ ತಿನ್ನಬಹುದಾ?"

ಅವಳು ನಗಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕೂತು, ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದು, ತಳದವರೆಗೂ ಚಮಚ ಆಡಿಸಿದಳು. ಒಂದು ಚಮಚ ತನ್ನ ಬಾಯಿಗೆ ಹಾಕಿಕೊಂಡು ನುಂಗಿದಳು. ಆಮೇಲೆ ಇನ್ನೊಂದು ಚಮಚ ತುಂಬಿ, ಆರಿಸಲೆಂದು ಊದತೊಡಗಿದಳು. ಮಾವ ಬಾಯಿ ತೆರೆದು ಕಾಯುತ್ತಿದ್ದರು.