ಎಂಟು ಹೆಂಗಸರ ತೂಕ

"ಐನೂರ ತೊಂಬತ್ತು!" ಎಂದು ಬೈರಪ್ಪ ಕಿಟಕಿಯಿಂದ ಕೂಗಿದ.

ಸಾಧ್ಯವಿಲ್ಲ, ಎಂದುಕೊಂಡಳು ಹರ್ಷಿತ. ಮೂರು ತಿಂಗಳಿಂದ ಒಬ್ಬೊಬ್ಬರನ್ನೂ ರೇಷನ್ ಅಂಗಡಿಯ ತಕ್ಕಡಿಯ ಮೇಲೆ ನಿಲ್ಲಿಸಿ ಬರೆದಿಟ್ಟ ಪಟ್ಟಿ ಅವಳ ಕೈಯಲ್ಲೇ ಇತ್ತು. ಐನೂರ ನಲವತ್ತು ದಾಟುವಂತಿರಲಿಲ್ಲ. ದಾಟಿದರೆ ಮಲೇಷಿಯಾದ ಪಂದ್ಯ ಇಲ್ಲ. ಹಗ್ಗಜಗ್ಗಾಟದಲ್ಲಿ ಅಲ್ಲಿಯವರು ಒಬ್ಬೊಬ್ಬರ ತೂಕ ಕೇಳುವುದಿಲ್ಲ. ಎಂಟೂ ಜನರದ್ದು ಒಟ್ಟಿಗೆ ಕೇಳುತ್ತಾರೆ, ಅದೂ ಸೀಲು ಹಾಕಿದ ಕಾಗದದಲ್ಲಿ. ಬೂದಿಗೆರೆ ಸುತ್ತಮುತ್ತ ಎಂಟು ಜನರನ್ನು ಒಟ್ಟಿಗೆ ತೂಗಿ ಸೀಲು ಒತ್ತಿಕೊಡುವ ಜಾಗ ಒಂದೇ: ಜಲ್ಲಿ ಲಾರಿಗಳನ್ನು ತೂಗುವ ಈ ವೇಬ್ರಿಡ್ಜು. ಅದು ಅವಳಿಗೇ ಹೊಳೆದ ಉಪಾಯ.

"ಮೇಡಂ, ನೀವೂ ಮೇಲೇ ನಿಂತಿದ್ದೀರಲ್ರೀ," ಬೈರಪ್ಪ ನಕ್ಕ. "ಕೆಳಗಿಳೀರಿ."

ಅವಳು ಕೆಳಗೆ ನೋಡಿದಳು. ಹೌದು, ಕಬ್ಬಿಣದ ಹಲಗೆಯ ಅಂಚಿನೊಳಗೆ ತನ್ನವೇ ಎರಡು ಪಾದಗಳು. ಇಳಿದಳು.

"ಐನೂರ ನಲವತ್ತು! ಗೆರೆ ಕೊರೆದಂಗೈತೆ."

ಎಂಟೂ ಜನ ಹೋ ಎಂದರು. ಎಲ್ಲರಿಗಿಂತ ದಪ್ಪಗಿದ್ದ ದ್ಯಾವಮ್ಮ, "ನೋಡ್ರಮ್ಮಿ, ಮೇಡಮ್ಮ ಇಳಿದ್ರು, ಎಲ್ಲಾ ಸರಿಹೋಯ್ತು," ಎಂದು ಚಪ್ಪಾಳೆ ತಟ್ಟಿದಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ಹರ್ಷಿತಳೇ. ಇವತ್ತು ನಗಬಹುದಾದ ದಿನ. ಸಂಜೆ ಐದಕ್ಕೆ ಹೋಗುವವರ ಒಂಬತ್ತು ಹೆಸರುಗಳ ಪಟ್ಟಿ ಕಳಿಸಿಬಿಟ್ಟರೆ ಕೆಲಸ ಮುಗಿದಂತೆ.

"ಅಣ್ಣೋ, ನನ್ನೊಬ್ಬಳ್ದೇ ಎಷ್ಟೈತೆ ನೋಡಿ ಹೇಳು," ಎಂದಳು ದ್ಯಾವಮ್ಮ.

"ಇದು ಲಾರಿ ಮಷೀನು ಕಣಕ್ಕಾ. ಗುಂಪಲ್ಲಿ ಬಂದ್ರೆ ಒಬ್ಬೊಬ್ರನ್ನೂ ಲೆಕ್ಕಕ್ಕೆ ತಗೋತದೆ. ಒಬ್ರೇ ಹತ್ತಿದ್ರೆ ಕಣ್ಣೇ ಬಿಡಲ್ಲ, ಸೊನ್ನೆ ತೋರಿಸ್ತದೆ."

"ಒಳ್ಳೇದೇ ಆಯ್ತು ಬಿಡು. ನಮ್ಮನೆಯೋರ್ನ ಕರ್ಕೊಂಬಂದು ತೋರಿಸ್ತೀನಿ, ಬಡಕಲಾಗಿದೀನಿ ಅಂತ ನಂಬ್ಲಿ."

ಚೀಟಿ ಬರೆಸುವುದು ಅಷ್ಟು ಸುಲಭವಾಗಲಿಲ್ಲ. ಗಾಡಿ ನಂಬರು ಕೊಡದೆ ಕಂಪ್ಯೂಟರು ಮುಂದಕ್ಕೆ ಹೋಗುವುದಿಲ್ಲ ಎಂದ ಬೈರಪ್ಪ. ಹರ್ಷಿತ ತನ್ನ ಸ್ಕೂಟಿಯ ನಂಬರು ಕೊಟ್ಟಳು.

"ಸರಕು ಏನಂತ ಹಾಕ್ಲಿ?"

"ಹೆಂಗಸರು."

ಅವನು ಹಾಗೇ ಒತ್ತಿದ. ಮಧ್ಯಾಹ್ನ ಬಾಸ್ ಬಂದು ಸೀಲು ಹಾಕುತ್ತಾರೆ, ಅಲ್ಲಿಯವರೆಗೆ ಕಾಯಬೇಕು ಎಂದ.

ಕಾಯಬಹುದು. ಎಂಟು ತಿಂಗಳು ಕಾದಿದ್ದಾಳೆ. ದೇವನಹಳ್ಳಿಯ ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುವ ಅತಿಥಿ ಉಪನ್ಯಾಸಕಿ ಅವಳು. ಏಳು ವರ್ಷದಿಂದ ಅತಿಥಿ. ತಾಲೂಕು ಕ್ರೀಡಾಕೂಟದಲ್ಲಿ ಊರಿನ ಹೆಂಗಸರು ಪೊಲೀಸ್ ಟೀಮನ್ನೇ ಎಳೆದು ಬೀಳಿಸಿದಾಗ ಫೋನಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದವಳು ಅವಳೇ. ಮಲೇಷಿಯಾದಿಂದ ಕರೆ ಬಂದಾಗ ಉತ್ತರ ಬರೆದವಳೂ ಅವಳೇ. ಪಾಸ್‌ಪೋರ್ಟಿಗೆ ಎಂಟು ಸಲ ಓಡಾಡಿದ್ದು, ಟಿಕೆಟ್ಟಿನ ಹೊಣೆ ಹೊರುವಂತೆ ಲೇಔಟ್ ಕಾಂತರಾಜುವನ್ನು ಒಪ್ಪಿಸಿದ್ದು ಎಲ್ಲ ಅವಳು. ಎಂಟು ಜನ, ಜೊತೆಗೊಬ್ಬರು, ಒಟ್ಟು ಒಂಬತ್ತು ಎಂದಿದ್ದ ಕಾಂತರಾಜು. ಪ್ರತಿ ಪತ್ರದಲ್ಲೂ ಅವಳು 'ನಾವು' ಎಂದು ಬರೆಯುತ್ತಿದ್ದಳು. ಕೆಳಗೆ 'ಟೀಮ್ ಮ್ಯಾನೇಜರ್' ಎಂದು ಸಹಿ. ಆ ಹುದ್ದೆಯನ್ನು ಅವಳಿಗೆ ಯಾರೂ ಕೊಟ್ಟಿರಲಿಲ್ಲ. ಅಲ್ಲವೆಂದೂ ಯಾರೂ ಅಂದಿರಲಿಲ್ಲ.

ಅವಳ ಅಜ್ಜಿಯ ಕಥೆಯೊಂದರಲ್ಲಿ ಏಳು ಸಮುದ್ರ ದಾಟಿಸುವ ಹಕ್ಕಿ ಬರುತ್ತಿತ್ತು. ಬೆನ್ನಿಗೇರಿಸಿಕೊಳ್ಳುವ ಮೊದಲು ಒಬ್ಬೊಬ್ಬರನ್ನೂ ಕೇಳುತ್ತಿತ್ತು: ನಿನ್ನ ಭಾರ ಎಷ್ಟು? ಒಬ್ಬಳು ಒನಕೆಯಷ್ಟು ಅಂದಳಂತೆ, ಇನ್ನೊಬ್ಬಳು ತುಂಬಿದ ಕೊಡದಷ್ಟು ಅಂದಳಂತೆ. ಕಡೆಯವಳು ಜಾಣೆ. 'ನನಗೆ ಭಾರವೇ ಇಲ್ಲ' ಅಂದಳಂತೆ. ಆಮೇಲೆ ಏನಾಯಿತು ಎನ್ನುವ ಹೊತ್ತಿಗೆ ಹರ್ಷಿತಳಿಗೆ ನಿದ್ದೆ ಬಂದಿರುತ್ತಿತ್ತು. ಹಕ್ಕಿ ಆ ಜಾಣೆಯನ್ನೇ ಮೊದಲು ಹತ್ತಿಸಿಕೊಂಡಿರಬೇಕು ಎಂದು ನಂಬಿಯೇ ಅವಳು ಬೆಳೆದಿದ್ದಳು.

ಹೊಂಗೆ ಮರದ ಬುಡದಲ್ಲಿ ಮುನಿಗಂಗಮ್ಮ ಎಲೆಗೆ ಸುಣ್ಣ ಸವರುತ್ತ ಕೂತಿದ್ದಳು. ಅರವತ್ತು ದಾಟಿದ ಹೆಂಗಸು. ಒಂದು ಕಾಲದಲ್ಲಿ ಕಲ್ಲುಕ್ವಾರಿಯಲ್ಲಿ ಚಪ್ಪಡಿ ಸರಿಸುವ ಹದಿನಾರು ಆಳಿಗೆ 'ಐಸಾ' ಕೂಗುತ್ತಿದ್ದವಳು. ಈಗ ಈ ಎಂಟು ಜನಕ್ಕೆ ಕೂಗುತ್ತಾಳೆ. ಅವಳ ಕೂಗಿಗೆ ಎಂಟು ಬೆನ್ನುಗಳು ಒಟ್ಟಿಗೆ ಬಾಗುತ್ತವೆ.

ಹರ್ಷಿತ ಪಕ್ಕದಲ್ಲಿ ಕೂತಳು. ಈ ಮಾತನ್ನು ಇವತ್ತೇ ಮುಗಿಸಬೇಕಿತ್ತು.

"ಮುನಿಗಂಗಜ್ಜಿ, ನಿಮಗೂ ಬರೋಕೆ ಆಸೆ ಇದ್ಯಾ?"

"ನಾನ್ಯಾಕ್ ಮಗಾ? ಎಳೆಯೋರು ಅವ್ರು."

"ಅಲ್ಲ, ಕೂಗೋದಕ್ಕೆ..."

"ಕೂಗೋದೇನ್ ಬಿಡು. ಈಗೆಲ್ಲಾ ಫೋನಲ್ಲೇ ಬರ್ತದಲ್ಲ."

ಅದನ್ನು ಅವಳು ಗಂಭೀರವಾಗಿ ಅಂದಳೋ ಎಲೆ ಮಡಿಸುತ್ತ ಸುಮ್ಮನೆ ಅಂದಳೋ. ಹರ್ಷಿತ ಅದನ್ನು ಒಪ್ಪಿಗೆಯೆಂದೇ ತಗೊಂಡಳು. ಮನಸ್ಸು ಹಗುರಾಯಿತು. ಅಲ್ಲೇ ಕೂಗಿಸಿ ಫೋನಿಗೆ ತುಂಬಿಕೊಂಡಳು. ಎರಡು ನಿಮಿಷ ಹದಿನೆಂಟು ಸೆಕೆಂಡು. ಎಂತೆಂಥದಕ್ಕೋ ದಾರಿ ಹುಡುಕಿದವಳಿಗೆ ಇದು ಯಾವ ಮಹಾ.

ಅಂಗಳದ ಮೂಲೆಯಲ್ಲಿ ಖಾಲಿ ಲಾರಿಯೊಂದು ನ್ಯೂಟ್ರಲ್ಲಿನಲ್ಲಿ ನಿಂತಿತ್ತು. ಹೆಂಗಸರು ಅದರ ಕೊಂಡಿಗೆ ಹಗ್ಗ ಬಿಗಿದರು. ಸೀರೆ ಮೊಣಕಾಲಿಗೆ ಕಟ್ಟಿ, ಮೇಲೆ ಕಾಂತರಾಜುವಿನ ಲೇಔಟಿನ ಹೆಸರಿದ್ದ ಟೀ ಶರ್ಟು. ಹರ್ಷಿತ ಫೋನನ್ನು ಸಣ್ಣ ಸ್ಪೀಕರಿಗೆ ಜೋಡಿಸಿದಳು.

ಐಸಾ, ಎಂದಿತು ಸ್ಪೀಕರು. ನಾಲ್ವರು ಎಳೆದರು, ನಾಲ್ವರು ತಡವಾದರು. ಮತ್ತೆ ಐಸಾ. ಈ ಸಲ ದ್ಯಾವಮ್ಮ ಕಾಲು ಊರುವ ಮೊದಲೇ ಕೂಗಿಬಿಟ್ಟಿತು. ಹಗ್ಗ ಹಾವಿನಂತೆ ತಿರುಚಿಕೊಂಡಿತು. ಲಾರಿ ಅಲುಗಲಿಲ್ಲ.

"ಇದು ನಮ್ಮ ಕಾಲು ನೋಡಲ್ವಲ್ಲಮ್ಮಿ," ಎಂದಳು ದ್ಯಾವಮ್ಮ ಏದುಸಿರು ಬಿಡುತ್ತ. "ತನ್ನಷ್ಟಕ್ಕೆ ತಾನು ಬಡ್ಕೊಂತದೆ."

"ತಡೀರಿ, ನಾನು ಕೂಗ್ತೀನಿ," ಎಂದಳು ಹರ್ಷಿತ.

ಮುಂದೆ ಹೋಗಿ ನಿಂತಳು. ಎಂಟು ಜೊತೆ ಕಣ್ಣು ಅವಳನ್ನೇ ನೋಡುತ್ತಿದ್ದವು. "ಐಸಾ" ಎಂದಳು. ಕ್ಲಾಸಿನಲ್ಲಿ ಹಾಜರಿ ಕರೆದಂತಿತ್ತು.

"ಪ್ರೆಸೆಂಟ್ ಮೇಡಂ!" ಎಂದು ಹಿಂದಿನಿಂದ ಯಾರೋ ಅಂದರು. ಎಂಟೂ ಜನ ಹಗ್ಗ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು. ನಗುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಮುನಿಗಂಗಮ್ಮ ಎಲೆ ಉಗಿದು ಎದ್ದು ಬಂದಳು. ಬಗ್ಗಿ ಅವರ ಕಾಲುಗಳನ್ನು ನೋಡಿದಳು, ಹೊಲದಲ್ಲಿ ಸಾಲು ನೋಡುವಂತೆ. ದ್ಯಾವಮ್ಮನ ಹಿಮ್ಮಡಿ ಮಣ್ಣಿಗೆ ಇಳಿಯುವ ತನಕ ಕಾದಳು. ಆಮೇಲೆ ಕೂಗಿದಳು.

ಲಾರಿ ಕಿರುಗುಟ್ಟಿತು. ಇನ್ನೊಂದು ಕೂಗಿಗೆ ಚಕ್ರ ಅರ್ಧ ಸುತ್ತು ಉರುಳಿತು. ಮೂರನೆಯದಕ್ಕೆ ಲಾರಿ ಅವರ ಹಿಂದೆ ಹಸುವಿನಂತೆ ಹೊರಟಿತು. ಬೈರಪ್ಪ ಕಿಟಕಿಯಿಂದ ಶಿಳ್ಳೆ ಹೊಡೆದ.

ಹರ್ಷಿತ ಸ್ಪೀಕರಿನ ವೈರನ್ನು ಸುತ್ತಿ ಬ್ಯಾಗಿಗೆ ಹಾಕಿದಳು. ಬಹಳ ಅಚ್ಚುಕಟ್ಟಾಗಿ ಸುತ್ತಿದಳು.

ಕ್ಯಾಪ್ಟನ್ ಪ್ರಮೋದಾ ಹತ್ತಿರ ಬಂದಳು. ಹಾಲಿನ ಡೇರಿಯ ಕಾರ್ಯದರ್ಶಿ. ಪ್ರೈಮರಿ ಸ್ಕೂಲಿನಲ್ಲಿ ಇಬ್ಬರೂ ಒಂದೇ ಬೆಂಚು. ಆಗ 'ಹರ್ಷಿ' ಅನ್ನುತ್ತಿದ್ದವಳು ಈಗ 'ಮೇಡಂ' ಅನ್ನುತ್ತಾಳೆ. ಯಾವತ್ತಿನಿಂದ ಎಂದು ಹರ್ಷಿತಳಿಗೆ ನೆನಪಿಲ್ಲ.

"ಲಿಸ್ಟು ಇವತ್ತೇ ಅಲ್ವಾ ಮೇಡಂ?"

"ಹೂಂ. ಐದಕ್ಕೆ."

"ಒಂಬತ್ತನೇದು?"

"ಬರೀತೀನಿ."

"ಅಜ್ಜಿ ಇಲ್ದಿದ್ರೆ..."

"ನಂಗೂ ಕಾಣ್ತಲ್ಲೇ. ಆದ್ರೆ ಅಜ್ಜಿಗೆ ಪಾಸ್‌ಪೋರ್ಟೆಲ್ಲಿದೆ? ಈಗ ಹಾಕಿದ್ರೆ ಯಾವಾಗ ಬರತ್ತೆ?"

ಇದು ಅವಳು ಉಳಿಸಿಕೊಂಡಿದ್ದ ಮಾತು. ಆಡಿದ ಮೇಲೆ ಅದರ ಬಲಕ್ಕೆ ಅವಳಿಗೇ ಸಮಾಧಾನವಾಯಿತು. ತಪ್ಪು ಯಾರದೂ ಅಲ್ಲ. ನಿಯಮ.

ಪ್ರಮೋದಾ ಹಿಂದೆಯೇ ಬಂದು ನಿಂತಿದ್ದ ಅಜ್ಜಿಯ ಕಡೆ ತಿರುಗಿದಳು. ಮುನಿಗಂಗಮ್ಮ ಸೊಂಟದ ಎಲೆಅಡಿಕೆ ಚೀಲ ಬಿಚ್ಚಿದಳು. ಅಡಿಕೆ, ಸುಣ್ಣದ ಡಬ್ಬಿ, ಹೊಗೆಸೊಪ್ಪು. ಅವುಗಳ ಕೆಳಗಿನಿಂದ ಹಾಲಿನ ಕವರಿನಲ್ಲಿ ಸುತ್ತಿದ್ದ ಒಂದು ಪುಸ್ತಕ ತೆಗೆದಳು. ಕಡುನೀಲಿ. ಅಂಚಿಗೆ ಸುಣ್ಣದ ಒಂದು ಬೆರಳಚ್ಚು.

"ಯಾವಾಗ ಮಾಡಿಸಿದ್ರಿ?"

"ಎಲ್ಡ್ ತಿಂಗಳಾಯ್ತು ಮಗಾ. ಇವ್ಳೇ ಕರ್ಕೊಂಡೋಗಿದ್ಲು."

"ಫಾರಂ ಯಾರು ತುಂಬಿದ್ದು?"

"ನಾನೇ," ಎಂದಳು ಪ್ರಮೋದಾ. "ನಿಮಗೆ ಮೊದ್ಲೇ ಎಷ್ಟೊಂದು ಕೆಲ್ಸ. ಇನ್ನೂ ಯಾಕೆ ತೊಂದ್ರೆ ಅಂತ."

ಯಾರ ದನಿಯಲ್ಲೂ ಮೋಸವಿರಲಿಲ್ಲ. ಒಂದಿಷ್ಟು ಇದ್ದಿದ್ದರೆ ಜಗಳವಾಡಬಹುದಿತ್ತು.

"ಒಳ್ಳೇದಾಯ್ತು," ಎಂದಳು ಹರ್ಷಿತ.

"ನೀವು ಇಲ್ಲಿಂದ್ಲೇ ಫೋನಲ್ಲಿ ಎಲ್ಲಾ ಹೇಳ್ತೀರಲ್ಲ," ಎಂದಳು ದ್ಯಾವಮ್ಮ. "ನೀವಿದ್ರೆ ನಮಗೆ ಧೈರ್ಯ ಮೇಡಂ."

ಮುನಿಗಂಗಮ್ಮ ಮಾತ್ರ ಹರ್ಷಿತಳ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು, ಕಾಲು ನೋಡುವಾಗ ನೋಡುವ ಹಾಗೆ. "ನೀನು ಬರ್ದಂಗಾಗ್ಲಿ ಕಣ್ ಮಗಾ," ಎಂದಳು. ಪುಸ್ತಕವನ್ನು ಅವಳ ಕೈಯಲ್ಲಿಟ್ಟಳು.

ಊಟದ ಹೊತ್ತಿಗೆ ಟೆಂಪೋ ಬಂತು. ಒಂಬತ್ತು ಜನ ಹತ್ತಿದರು. ಸೀಲು ಹಾಕಿಸಿಕೊಂಡು ಬರುತ್ತೇನೆ ಎಂದು ಹರ್ಷಿತ ಉಳಿದಳು. ಟೆಂಪೋದಲ್ಲಿ ಹೇಗೂ ಜಾಗವಿರಲಿಲ್ಲ.

ಸೀಲು ಬೀಳುವಾಗ ನಾಲ್ಕು ಗಂಟೆ. ಚೀಟಿಯಲ್ಲಿ ಗಾಡಿ ನಂಬರು, ಸರಕು, ನಿವ್ವಳ ತೂಕ. ಗಾಡಿ ನಂಬರು ಮಾತ್ರ ಅವಳದು. ಬೈರಪ್ಪ ಬಾಸ್ ಜೊತೆ ಟೀ ಕುಡಿಯಲು ರಸ್ತೆಯಾಚೆಗೆ ಹೋದ.

ಅವಳು ಫೋನು ತೆಗೆದಳು. ಎಂಟು ಹೆಸರು ತುಂಬಿ ಇಟ್ಟಿದ್ದಳು. ಒಂಬತ್ತನೆಯ ಸಾಲಿನಲ್ಲಿ ಗೆರೆಯೊಂದು ಮಿಣುಕುತ್ತಿತ್ತು. ಬ್ಯಾಗಿನಲ್ಲಿ ಎರಡು ಪಾಸ್‌ಪೋರ್ಟು. ಒಂದು ಹೊಸದು, ಸುಣ್ಣದ ಗುರುತಿನದು. ಇನ್ನೊಂದು ತನ್ನದು; ಆರು ವರ್ಷ ಹಳೆಯದು, ಒಳಗೆ ಎಲ್ಲ ಪುಟ ಬಿಳಿ. ಯಾವ ಹೆಸರು ಹಾಕಿದರೂ ಕೇಳುವವರಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದೊಂದೇ ಅವಳ ಅಧಿಕಾರ.

ಕಾಲುಗಳು ಅವಳನ್ನು ಹಲಗೆಯ ಮೇಲೆ ಕರೆದುಕೊಂಡು ಹೋದವು. ಮೊದಲು ಅಂಚಿಗೆ. ಆಮೇಲೆ ನಟ್ಟನಡುವಿಗೆ. ಬೆಳಿಗ್ಗೆ ಇದೇ ಜಾಗದಲ್ಲಿ ಅವಳು ಐವತ್ತು ಕಿಲೋ ಇದ್ದಳು.

ಕಿಟಕಿಯ ಮೇಲಿನ ತೂಕದ ಡಿಸ್‌ಪ್ಲೇಯಲ್ಲಿ ಕೆಂಪು ಸೊನ್ನೆ.

ಬೈರಪ್ಪ ಹೇಳಿದ್ದ, ಗೊತ್ತಿತ್ತು. ಆದರೂ ಬ್ಯಾಗನ್ನು ಎದೆಗವಚಿಕೊಂಡಳು. ಹಿಮ್ಮಡಿ ಎತ್ತಿ, ದ್ಯಾವಮ್ಮ ಊರುವಂತೆ, ಬಲವಾಗಿ ಊರಿದಳು. ಕಬ್ಬಿಣ ಸಣ್ಣಗೆ ಸದ್ದು ಮಾಡಿತು. ಸೊನ್ನೆ.

ತಲೆಯ ಮೇಲೆ ವಿಮಾನವೊಂದು ಏರುತ್ತಿತ್ತು. ಅದರ ನೆರಳು ಜಲ್ಲಿಯ ರಾಶಿಗಳನ್ನು ಹತ್ತಿಳಿದು ಬಂದು, ರೆಕ್ಕೆ ಹರಡಿ ಹಲಗೆಯ ಮೇಲೆ ಪೂರ್ತಿ ಕೂತಿತು. ಒಂದು ಕ್ಷಣ ಅವಳೂ ಅದರೊಳಗಿದ್ದಳು. ಅವಳು ಕಿಟಕಿಯ ಕಡೆ ನೋಡಿದಳು. ಅಂಕಿ ಕದಲಲಿಲ್ಲ. ನೆರಳು ಅವಳನ್ನು ಅಲ್ಲೇ ಬಿಟ್ಟು, ಬೇಲಿ ದಾಟಿ, ದ್ರಾಕ್ಷಿ ತೋಟದ ಮೇಲೆ ಹಾಯ್ದು ಹೋಯಿತು.