ಮೂರು ಗಂಟೆಯ ಪರೀಕ್ಷೆ

ಪರದೆಯ ಮೇಲೆ ಮತ್ತೆ ನೂರಕ್ಕೆ ನೂರು ಪಾಸು. ಗುರುಶಾಂತನಿಗೆ ಸಮಾಧಾನವಾಗಲಿಲ್ಲ.

ಹುಮನಾಬಾದಿನ ಔಷಧ ಕಾರ್ಖಾನೆಯಲ್ಲಿ ಅವನು ಎರಡು ವರ್ಷದಿಂದ ಕಂಪ್ಯೂಟರಿನವನು. ಬಸವಕಲ್ಯಾಣದಿಂದ ದಿನಾ ಬಸ್ಸು. ಗುಳಿಗೆಗಳನ್ನು ಪರೀಕ್ಷಿಸಿ ಲ್ಯಾಬಿನವರು ಬರೆದದ್ದು ಡೇಟಾಬೇಸಿಗೆ ನೇರ ಹೋಗುತ್ತಿರಲಿಲ್ಲ. ನಡುವೆ ಪ್ರಾಕ್ಸಿ ಎಂಬ ದಲ್ಲಾಳಿ ಪ್ರೋಗ್ರಾಮು. ಅದನ್ನು ಬರೆದವನು ಅವನೇ. ಪರೀಕ್ಷಿಸುವವನೂ ಅವನೇ. ಆ ಪರೀಕ್ಷೆಯಲ್ಲಿ ಕೇಳುವವನು, ದಲ್ಲಾಳಿ, ಉತ್ತರ ಕೊಡುವವನು ಮೂವರೂ ಒಂದೇ ಯಂತ್ರದಲ್ಲಿ ಓಡುವ ಒಂದೇ ಪ್ರೋಗ್ರಾಮಿನೊಳಗೆ. ತಕರಾರು ತೆಗೆಯಲು ಹೊರಗಿನವರು ಯಾರೂ ಇಲ್ಲ.

ಬಾಗಿಲಲ್ಲಿ ಲ್ಯಾಬಿನ ಕೆಮಿಸ್ಟ್ ಅನುರಾಧಾ ನಿಂತಿದ್ದಳು.

"ನಲವತ್ತೊಂದನೇ ಬ್ಯಾಚಿಗಿ ನಾ ಫೇಲ್ ಅಂತ ಹಾಕೀನ್ರಿ ಸರ್. ತಿರುಗಿ ತಗದು ನೋಡಿದರ ಪಾಸ್ ಅದ."

"ನೀವೇ ತಪ್ಪು ಒತ್ತಿರಬೇಕು."

"ಮೂರ್ ಸಲ ಹಾಕೀನ್ರಿ. ಅದೇ ಹೊತ್ತಿಗಿ ಬಾಜೂಕ ನಮ್ಮ ಲ್ಯಾಬಿನ ಸೋನಾಲಿ ತನ್ನ ಬ್ಯಾಚಿಂದು ಹಾಕಾಕತ್ತಿದ್ದಳು. ಆಕಿದು ನಂದು ಅದಲಿಬದಲಿ ಆಗ್ಯಾದ ಅನಸ್ತದ." ಅವಳು ತಡೆದು ಹೇಳಿದಳು: "ಮೂರಕ್ಕ ಫೋನ್ ಮಾಡ್ತೀನ್ರಿ. ನಾ ಅಲ್ಲಿಂದ, ನೀವು ಇಲ್ಲಿಂದ, ಒಮ್ಮೆಗೇ ಒತ್ತೋಣು. ಗೊತ್ತಾಗತದ."

ಅವಳು ಹೇಳಿದ್ದು ಸರಿ. ಅದಕ್ಕೇ ಸಿಟ್ಟು ಬಂತು. ಇಬ್ಬರು ಒಟ್ಟಿಗೆ ಬಂದಾಗ ದಲ್ಲಾಳಿ ಒಬ್ಬರ ಮಾತನ್ನು ಇನ್ನೊಬ್ಬರ ಹೆಸರಿಗೆ ಹಾಕಿದರೆ, ಒಬ್ಬನೇ ಕೇಳುವವನಿರುವ ಅವನ ಪರೀಕ್ಷೆಗೆ ಅದು ಕಾಣುವುದೇ ಇಲ್ಲ. ಬರೆಯುವಾಗಲೇ ಇದು ಗೊತ್ತಿತ್ತೇ? ಗೊತ್ತಿದ್ದೇ ಹಾಗೆ ಬರೆದೆನೇ?

ಇವಳೇಕೆ ಮ್ಯಾನೇಜರ್ ಬಳಿಗೆ ಹೋಗದೆ ನನ್ನ ಬಳಿಗೆ ಬಂದಳು? ಅಥವಾ ಅಲ್ಲಿಗೆ ಹೋಗಿಯೇ ಬಂದಳೋ? ಬರುವ ತಿಂಗಳು ಅವನ ನೌಕರಿಯ ಕರಾರು ಮುಗಿಯುತ್ತಿತ್ತು.

ಊಟದ ಹೊತ್ತಿಗೆ ಮ್ಯಾನೇಜರ್ ಧನರಾಜ ತಾನೇ ಎದ್ದುಬಂದ. ಎಂದೂ ಬಂದವನಲ್ಲ.

"ಸಂಜಿಗಿ ಗುಳಿಗಿ ಗಾಡಿ ಹೈದರಾಬಾದಿಗಿ ಹೊಂಡತದ್ರಿ ಗುರುಶಾಂತ. ಸಿಸ್ಟಮ್ ಬರೋಬ್ಬರ್ ಅದ ಅಂತ ನಿಮ್ಮ ಸಹಿ ಬೇಕು."

"ಲ್ಯಾಬಿನವರು ಏನೋ ಅಂತಿದ್ರು ಸಾಹೇಬ್ರ..."

"ನಿಮ್ಮ ಟೆಸ್ಟ್ ಏನಂತದ?"

"ಪಾಸ್ ಅಂತದ್ರಿ."

"ಮತ್ತ?" ಧನರಾಜ ನಕ್ಕ. "ನೀವೇ ಬರದದ್ದು. ನಿಮಗೇ ಭರೋಸಾ ಇಲ್ಲೇನು?"

ಆ ನಗೆಯನ್ನು ಗುರುಶಾಂತ ಬಹಳ ಹೊತ್ತು ತಿರುವಿ ಮುರುವಿ ನೋಡಿದ. ಸಹಿ ಮಾಡಿದರೆ ನಾಳೆ ಸಿಕ್ಕಿಬೀಳುವವನು ತಾನು. ಮಾಡದಿದ್ದರೆ ಇಂದೇ.

ಮೂರಕ್ಕೆ ಸರಿಯಾಗಿ ಫೋನು ಬಡಿದುಕೊಂಡಿತು. ಅವನು ಕೈ ಚಾಚಿದ. ಅವಳ ಪಕ್ಕದಲ್ಲಿ ಧನರಾಜ ನಿಂತು ಕೇಳುತ್ತಿದ್ದರೆ? ಕೈ ಅಲ್ಲೇ ನಿಂತಿತು. ಹನ್ನೊಂದು ಸಲ ಬಡಿಯಿತು, ಅವನು ಎಣಿಸಿದ. ಅಷ್ಟರಲ್ಲಿ ಇನ್ನೊಂದು ಕೈ ಹಳೆಯ ಪರೀಕ್ಷೆಯನ್ನೇ ಮತ್ತೊಮ್ಮೆ ಓಡಿಸಿತ್ತು. ನೂರಕ್ಕೆ ನೂರು.

ಫೋನು ಸುಮ್ಮನಾದ ಮೇಲೆ ಸಹಿ ಮಾಡಿದ.

ಸಂಜೆ ಹೆದ್ದಾರಿಯಲ್ಲಿ ಬಸ್ಸಿಗೆ ಕಾಯುತ್ತ ಒಬ್ಬನೇ ನಿಂತಿದ್ದ. ಕಾರ್ಖಾನೆಯ ಗೇಟಿನಿಂದ ಹೊರಬಿದ್ದ ಲಾರಿಯೊಂದು ಬಂದು ಅವನ ಪಕ್ಕದಲ್ಲೇ ನಿಂತಿತು. ಪರವೂರಿನ ಡ್ರೈವರು ತಲೆ ಹೊರಹಾಕಿ ಕೇಳಿದ:

"ಭಾಯಿ, ಹೈದರಾಬಾದ್ ರಸ್ತಾ ಇದೇ ಏನ್ರಿ?"

ಯಾರು ಉತ್ತರಿಸುತ್ತಾರೋ ಎಂದು ಗುರುಶಾಂತ ಹಿಂತಿರುಗಿ ನೋಡಿದ. ಯಾರೂ ಇರಲಿಲ್ಲ.

"ಹೌದ್ರಿ," ಎಂದಿತು ಅವನದೇ ದನಿ.

ಲಾರಿ ಹೋಯಿತು. ಎದ್ದ ಧೂಳಿನಲ್ಲಿ ರಸ್ತೆ ಕಾಣಲಿಲ್ಲ, ಗೇಟು ಕಾಣಲಿಲ್ಲ. ದಾರಿ ತೋರಿಸಲೆಂದು ಎತ್ತಿದ ತನ್ನ ಕೈಯೂ ಕಾಣಲಿಲ್ಲ. ಅದು ಇನ್ನೂ ಎತ್ತಿಯೇ ಇದೆ ಎಂಬ ಭಾರವಷ್ಟೇ ಭುಜಕ್ಕೆ ತಿಳಿಯುತ್ತಿತ್ತು.